ಬಳ್ಳಾರಿ ಜೀನ್ಸ್: ಕೊನೆಯ ಟೇಬಲ್ ಮೇಲೆ ತಪ್ಪು ಹುಡುಕುವ ಹೊತ್ತಿಗೆ ತಡವಾಗಿರುತ್ತದೆ

ಬಳ್ಳಾರಿಯನ್ನು ಜೀನ್ಸ್ ರಾಜಧಾನಿ ಮಾಡುವ ಮಾತು 2023ರ ವಿಧಾನಸಭೆ ಚುನಾವಣೆ ಹೊತ್ತಿಗೆ ಜೋರಾಗಿ ಕೇಳಿಸಿತು. ರಾಹುಲ್ ಗಾಂಧಿ ಇಲ್ಲಿಗೆ ಬಂದು 5,000 ಕೋಟಿ ರೂಪಾಯಿಯ ಅಪಾರೆಲ್ ಪಾರ್ಕ್ ಮಾಡುತ್ತೇವೆ ಎಂದರು. ಅಲ್ಲಿಂದ ಈಚೆಗೆ ಚರ್ಚೆಯೆಲ್ಲ ಜಾಗ ಎಲ್ಲಿ, ಕರೆಂಟಿನ ದರ ಎಷ್ಟು, ವಾಷಿಂಗ್‌ಗೆ ನೀರು ಎಲ್ಲಿಂದ, ಸಬ್ಸಿಡಿ ಯಾವಾಗ ಅನ್ನುವುದರ ಸುತ್ತಲೇ ನಡೆಯುತ್ತಿದೆ. ಇವೆಲ್ಲ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾರ್ಕ್ ಬಂದ ಮೇಲೂ ಬಿಡದೆ ಕಾಡುವ ಒಂದು ಪ್ರಶ್ನೆ ಇದೆ, ಅದರ ಬಗ್ಗೆ ಮಾತೇ ಕಡಿಮೆ. ಕಳಿಸಿದ ಮಾಲು ಯಾಕೆ ವಾಪಸ್ ಬರುತ್ತದೆ?

ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರ ಒಂದಿದೆ. ಟೈಲರ್ ಸರಿಯಾಗಿ ಹೊಲಿದಿಲ್ಲ, ಈಗಿನ ಹುಡುಗರಿಗೆ ಕೆಲಸದ ಮೇಲೆ ಗಮನ ಇಲ್ಲ, ಚೆಕಿಂಗ್‌ನವರು ಕಣ್ಣು ಮುಚ್ಚಿಕೊಂಡು ಪಾಸ್ ಮಾಡಿದ್ದಾರೆ. ಈ ಉತ್ತರ ಬಹುಪಾಲು ತಪ್ಪು ಅಂತ ನನ್ನ ಖಚಿತ ಅಭಿಪ್ರಾಯ. ಅದು ತಪ್ಪು ಅಂತ ತೋರಿಸುವ ಲೆಕ್ಕ ನೂರು ವರ್ಷದ ಹಿಂದೆಯೇ ತಯಾರಾಗಿದೆ. ಒಂದು ನೋಟ್‌ಬುಕ್, ಒಂದು ಟೇಪು ಇದ್ದರೆ ಅದನ್ನು ಬಳ್ಳಾರಿಯ ಕೌಲ್ ಬಜಾರಿನ ಚಿಕ್ಕ ಘಟಕದಲ್ಲೂ ಮಾಡಿ ನೋಡಬಹುದು.

ಮೊದಲು ಕೆಲಸ ಹೇಗೆ ಹರಡಿಕೊಂಡಿದೆ ನೋಡಿ. ಇಲ್ಲಿ ಒಂದು ಪ್ಯಾಂಟ್ ಪೂರ್ತಿ ಒಂದೇ ಸೂರಿನಡಿ ತಯಾರಾಗುವುದು ಕಡಿಮೆ. ಬಟ್ಟೆ ಹೊರಗಿನ ಮಿಲ್ಲಿನದು. ಕಟಿಂಗ್ ಒಂದು ಕಡೆ. ಹೊಲಿಗೆ ಮತ್ತೊಂದು ಕಡೆ, ಜಾಬ್ ವರ್ಕ್ ಘಟಕದಲ್ಲೋ ಮನೆಗಳಲ್ಲೋ. ಕಾಜಾ, ಬಟನ್, ಬಾರ್‌ಟ್ಯಾಕ್ (ಜೇಬಿನ ಅಂಚಿನಂಥ ಕಡೆ ಗಟ್ಟಿಗೆ ಹಾಕುವ ಹೊಲಿಗೆ) ಇನ್ನೊಬ್ಬರ ಹತ್ತಿರ. ವಾಷಿಂಗ್ ಬೇರೆಯೇ ಘಟಕ. ಅಲ್ಲಿಂದ ವಾಪಸ್ ಬಂದ ಮೇಲೆ ದಾರ ಕತ್ತರಿಸುವುದು, ಇಸ್ತ್ರಿ, ಚೆಕಿಂಗ್, ಪ್ಯಾಕಿಂಗ್. ಗುಣಮಟ್ಟ ಅನ್ನುವ ಮಾತು ಬರುವುದು ಈ ಕೊನೆಯ ಟೇಬಲ್ಲಿಗೆ ಬಂದಾಗ. ಅಷ್ಟರಲ್ಲಿ ಬಟ್ಟೆ, ಕೂಲಿ, ನೀರು, ಕೆಮಿಕಲ್, ಆಟೋ ಬಾಡಿಗೆ ಎಲ್ಲ ಖರ್ಚಾಗಿ ಹೋಗಿರುತ್ತದೆ. ಅಲ್ಲಿ ತಪ್ಪು ಸಿಕ್ಕರೆ ಮಾಡಲು ಉಳಿಯುವುದು ಎರಡೇ: ಬಿಚ್ಚಿ ಮತ್ತೆ ಹೊಲಿಯುವುದು, ಇಲ್ಲವೇ ಸೆಕೆಂಡ್ಸ್ ಅಂತ ಅಗ್ಗಕ್ಕೆ ಮಾರುವುದು.

ಒಂದು ಲೆಕ್ಕ ಹಾಕೋಣ. ಪ್ಯಾಂಟ್ ಹನ್ನೆರಡು ಹಂತ ದಾಟುತ್ತದೆ ಅಂತಿಟ್ಟುಕೊಳ್ಳಿ. ಪ್ರತಿ ಹಂತದಲ್ಲೂ ನೂರರಲ್ಲಿ 98 ಸರಿ ಬರುತ್ತದೆ. ಕೇಳಿದರೆ ಯಾರೂ ಇದನ್ನು ಕೆಟ್ಟ ಕೆಲಸ ಅನ್ನುವುದಿಲ್ಲ. ಆದರೆ 0.98 ಅನ್ನು ಹನ್ನೆರಡು ಸಲ ಗುಣಿಸಿ, ಸುಮಾರು 0.78 ಬರುತ್ತದೆ. ಅಂದರೆ ಎಲ್ಲೂ ರಿಪೇರಿ ಇಲ್ಲದೆ ಒಂದೇ ಸಲಕ್ಕೆ ಸರಿಯಾಗಿ ಆಚೆ ಬರುವುದು ನೂರರಲ್ಲಿ 78 ಮಾತ್ರ, ಉಳಿದ 22 ಪ್ಯಾಂಟ್ ಎಲ್ಲೋ ಒಂದು ಕಡೆ ಯಾರದೋ ಕೈಯಲ್ಲಿ ಎರಡನೇ ಸಲ ಕೂತಿರುತ್ತವೆ. ಕೊನೆಯ ಚೆಕಿಂಗ್‌ನವರು ಅವನ್ನೆಲ್ಲ ಹಿಡಿದು ಸರಿಮಾಡಿಸಿದರು ಅನ್ನಿ, ಗಿರಾಕಿಗೆ ನೂರಕ್ಕೆ ನೂರು ಹೋಗುತ್ತದೆ, ಮಾಲೀಕರಿಗೆ ಸಮಾಧಾನ. ಆದರೆ ಆ 22ರ ಖರ್ಚು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಲಾಭ ಯಾಕೆ ಇಳಿಯಿತು ಅಂತ ಕೇಳಿದರೆ ಮಾರ್ಕೆಟ್ ಡಲ್ ಅನ್ನುತ್ತಾರೆ.

ಹಾಗಾದರೆ ತಪ್ಪು ಹುಟ್ಟುವುದು ಎಲ್ಲಿ? ಜೀನ್ಸ್‌ನಲ್ಲಿ ದೊಡ್ಡ ತಪ್ಪುಗಳು ಹೊಲಿಗೆ ಮೆಷಿನ್ ಮುಟ್ಟುವ ಮೊದಲೇ ಶುರುವಾಗಿರುತ್ತವೆ. ಡೆನಿಮ್ ರೋಲ್ ರೋಲಿಗೂ ಬೇರೆ. ಒಂದೇ ಬಿಲ್ಲಿನಲ್ಲಿ, ಒಂದೇ ಲಾರಿಯಲ್ಲಿ ಬಂದ ಎರಡು ರೋಲು ನೋಡಲು ಒಂದೇ ನೀಲಿ ಇದ್ದರೂ ತೊಳೆದ ಮೇಲೆ ಬೇರೆ ಶೇಡ್ ಬರಬಹುದು. ಕುಗ್ಗುವುದಂತೂ ಇನ್ನೂ ದೊಡ್ಡ ತಲೆನೋವು. ಕಟಿಂಗ್ ಟೇಬಲ್ ಮೇಲೆ ಎರಡು ರೋಲಿನ ಬಟ್ಟೆ ಹಾಸಿ ಒಂದೇ ಪ್ಯಾಟರ್ನ್‌ನಲ್ಲಿ 42 ಇಂಚು ಉದ್ದಕ್ಕೆ ಕತ್ತರಿಸಿದಿರಿ ಅನ್ನಿ. ಒಂದು ರೋಲು ವಾಷಿಂಗ್‌ನಲ್ಲಿ ಶೇಕಡಾ 3 ಕುಗ್ಗಿತು, ಇನ್ನೊಂದು ಶೇಕಡಾ 6. ಮೊದಲನೆಯದು 40.7 ಇಂಚಿಗೆ ನಿಲ್ಲುತ್ತದೆ, ಎರಡನೆಯದು 39.5 ಇಂಚಿಗೆ. ಒಂದೂಕಾಲು ಇಂಚು ವ್ಯತ್ಯಾಸ! ಒಂದೇ ಸೈಜ್ ಚೀಟಿ ಅಂಟಿಸಿದ ಎರಡು ಪ್ಯಾಂಟು ಎರಡು ಅಳತೆ. ಗಿರಾಕಿ ಬೈಯುವುದು ಹೊಲಿದವರನ್ನು, ಅವರು ಕೊಟ್ಟ ತುಂಡನ್ನು ನೆಟ್ಟಗೇ ಹೊಲಿದಿರುತ್ತಾರೆ. ಹಾಗೆಯೇ ಕಾಲು ತಿರುಚಿಕೊಳ್ಳುವುದು. ಒಂದೆರಡು ಸಲ ಒಗೆದ ಮೇಲೆ ಪ್ಯಾಂಟಿನ ಪಕ್ಕದ ಹೊಲಿಗೆ ಮುಂದಕ್ಕೆ ಬಂದುಬಿಡುತ್ತದಲ್ಲ, ಅದು ಡೆನಿಮ್‌ನ ಓರೆ ನೇಯ್ಗೆಯ ಗುಣ. ಮಿಲ್ಲಿನಲ್ಲಿ ಬಟ್ಟೆಯನ್ನು ಮೊದಲೇ ಸರಿಯಾಗಿ ಓರೆ ಮಾಡಿ ಫಿನಿಶ್ ಮಾಡದಿದ್ದರೆ ಯಾವ ಟೈಲರ್ ಬಂದರೂ ಅದನ್ನು ನಿಲ್ಲಿಸಲು ಆಗುವುದಿಲ್ಲ.

ಇದಕ್ಕೆ ಪರಿಹಾರ ದುಬಾರಿ ಅಲ್ಲ. ಪ್ರತಿ ರೋಲಿನಿಂದ ಒಂದು ತುಂಡು ಕತ್ತರಿಸಿ. ಅದರ ಮೇಲೆ ಮಾರ್ಕರ್‌ನಲ್ಲಿ 50 ಸೆಂಟಿಮೀಟರ್ ಚೌಕ ಬರೆದು, ರೋಲ್ ನಂಬರ್ ಹಾಕಿ, ಮಾಲಿಗೆ ಯಾವ ವಾಷ್ ಕೊಡುತ್ತೀರೋ ಅದೇ ವಾಷ್ ಕೊಡಿಸಿ. ಒಣಗಿದ ಮೇಲೆ ಅಳೆಯಿರಿ. 48 ಬಂದರೆ ಶೇಕಡಾ 4 ಕುಗ್ಗಿದೆ. ಉದ್ದ, ಅಗಲ ಎರಡನ್ನೂ ಬರೆಯಿರಿ, ಸ್ಟ್ರೆಚ್ ಡೆನಿಮ್ ಆದರೆ ಅಗಲದ ಕಡೆ ಕುಗ್ಗುವುದು ಇನ್ನೂ ಜಾಸ್ತಿ. ಆಮೇಲೆ ಹತ್ತಿರ ಹತ್ತಿರ ಕುಗ್ಗುವ ರೋಲುಗಳನ್ನು ಒಟ್ಟಿಗೆ ಇಟ್ಟು, ಪ್ರತಿ ಗುಂಪಿಗೆ ಬೇರೆ ಪ್ಯಾಟರ್ನ್ ಮಾಡಿ ಕತ್ತರಿಸಿ. ಅದೇ ತುಂಡುಗಳನ್ನು ಪಕ್ಕಪಕ್ಕ ಇಟ್ಟು ಹಗಲು ಬೆಳಕಿನಲ್ಲಿ ನೋಡಿದರೆ ಶೇಡ್ ಗುಂಪೂ ಸಿಗುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಇದು ದಿನನಿತ್ಯದ ಕೆಲಸ. ನಮ್ಮಲ್ಲಿ ಇದಕ್ಕೆ ಟೈಮ್ ಎಲ್ಲಿದೆ ಅನ್ನುತ್ತಾರೆ. ಬಿಚ್ಚಿ ಹೊಲಿಯಲು ಮಾತ್ರ ಅದೇ ಟೈಮ್ ಹೇಗೋ ಸಿಗುತ್ತದೆ.

ಬಟ್ಟೆಯಲ್ಲಿ ಕಣ್ಣಿಗೆ ಕಾಣುವ ದೋಷಕ್ಕೂ ಒಂದು ಒಪ್ಪಿತ ಅಳತೆ ಇದೆ, ನಾಲ್ಕು ಪಾಯಿಂಟ್ ಪದ್ಧತಿ ಅನ್ನುತ್ತಾರೆ. ದೋಷ 3 ಇಂಚಿನೊಳಗೆ ಇದ್ದರೆ 1 ಪಾಯಿಂಟ್, 6ರೊಳಗೆ 2, 9ರೊಳಗೆ 3, ಅದಕ್ಕಿಂತ ಉದ್ದ ಆದರೆ 4. ನೂರು ಚದರ ಗಜಕ್ಕೆ 40 ಪಾಯಿಂಟ್ ದಾಟಿದರೆ ಆ ರೋಲು ಬೇಡ ಅನ್ನುವುದು ಸಾಮಾನ್ಯ ರೂಢಿ. ಮಿಲ್ಲಿನ ಏಜೆಂಟ್ ಹತ್ತಿರ ಬಾಯಿಮಾತಿನಲ್ಲಿ ಜಗಳ ಆಡುವ ಬದಲು ಪಾಯಿಂಟ್ ಎಣಿಸಿದ ಕಾಗದ ಮುಂದಿಟ್ಟರೆ ಮಾತಿಗೆ ತೂಕ ಬರುತ್ತದೆ.

ಇನ್ನು ವಾಷಿಂಗ್. ಬಳ್ಳಾರಿ ಜೀನ್ಸ್‌ನ ಅಂದ ಹುಟ್ಟುವುದೂ ಕೆಡುವುದೂ ಅಲ್ಲೇ. ಎನ್‌ಜೈಮ್ ವಾಷ್ ತೆಗೆದುಕೊಳ್ಳಿ, ಅಂದರೆ ನೂಲಿನ ಮೇಲ್ಪದರ ಸವೆಸುವ ಜೈವಿಕ ವಸ್ತು ಹಾಕಿ ನೀಲಿ ಇಳಿಸುವುದು. ಆ ಎನ್‌ಜೈಮ್‌ಗೆ ಇಂತಿಷ್ಟು ಬಿಸಿ, ಇಂತಿಷ್ಟು ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ), ಇಂತಿಷ್ಟು ನಿಮಿಷ ಬೇಕು. ಆಸಿಡ್ ಎನ್‌ಜೈಮ್ ಸುಮಾರು 4.5ರಿಂದ 5.5 ಪಿಎಚ್‌ನಲ್ಲಿ, 50-55 ಡಿಗ್ರಿ ಬಿಸಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ಆ ಮಟ್ಟದಲ್ಲಿ ಇಲ್ಲದಿದ್ದರೆ ಶೇಡ್ ಬೇಗ ಇಳಿಯುವುದಿಲ್ಲ, ಆಪರೇಟರ್ ಇನ್ನೂ ಹತ್ತು ನಿಮಿಷ ಓಡಿಸುತ್ತಾನೆ, ಬಟ್ಟೆಯಿಂದ ಬಿಟ್ಟ ನೀಲಿ ವಾಪಸ್ ಜೇಬಿನ ಬಿಳಿ ಬಟ್ಟೆಗೆ ಹತ್ತುತ್ತದೆ. ನಮ್ಮ ಕಡೆ ಒಂದು ದಿನ ಟ್ಯಾಂಕರ್ ನೀರು, ಒಂದು ದಿನ ಬೋರ್‌ವೆಲ್ ನೀರು. ಎರಡರ ಗಡಸುತನ ಬೇರೆ, ಪಿಎಚ್ ಬೇರೆ. ಬೇಸಿಗೆಯಲ್ಲಿ ಬರುವ ನೀರಿನ ಬಿಸಿಯೇ ಬೇರೆ. ಆದರೂ ರೆಸಿಪಿ ಒಂದೇ, ಅದೂ ವಾಷಿಂಗ್ ಮಾಸ್ಟರ್ ತಲೆಯಲ್ಲಿ. ಅವರು ಊರಿಗೆ ಹೋದ ವಾರ ಶೇಡ್ ಬೇರೆ ಬಂದರೆ ಯಾರನ್ನು ಕೇಳುವುದು? ಪ್ರತಿ ಬ್ಯಾಚಿಗೆ ಪಿಎಚ್ ಪಟ್ಟಿ ಅದ್ದಿ ನೋಡಿ, ಥರ್ಮಾಮೀಟರ್ ನೋಡಿ, ಎಷ್ಟು ಕಿಲೋ ಬಟ್ಟೆ, ಎಷ್ಟು ಲೀಟರ್ ನೀರು, ಎಷ್ಟು ನಿಮಿಷ ಅಂತ ಒಂದು ಸಾಲು ಬರೆದಿಟ್ಟರೆ ಮಾಸ್ಟರ್ ಕಲಿತದ್ದು ಘಟಕದ ಆಸ್ತಿಯಾಗುತ್ತದೆ.

ಇಲ್ಲಿ ಇನ್ನೊಂದು ವಿಷಯ ಸೇರಿಕೊಂಡಿದೆ. ಬಣ್ಣದ ನೀರು ಹೊರಗೆ ಬಿಡುತ್ತಾರೆ ಅಂತ ಮಾಲಿನ್ಯ ನಿಯಂತ್ರಣ ಮಂಡಳಿ ಬಳ್ಳಾರಿಯ ವಾಷಿಂಗ್ ಘಟಕಗಳಿಗೆ ನೋಟಿಸ್ ಕೊಟ್ಟಿದ್ದು, ಘಟಕಗಳು ನಿಂತಾಗ ಹೊಲಿಗೆಯವರ ಕೆಲಸವೂ ನಿಂತಿದ್ದು ಊರಿಗೆಲ್ಲ ಗೊತ್ತು. ಸಂಸ್ಕರಣಾ ಘಟಕ ಬೇಕೇ ಬೇಕು, ಆ ನೀರು ಹರಿಯುವ ಕಡೆ ಜನ ಇದ್ದಾರೆ, ಹೊಲ ಇದೆ. ಆದರೆ ಶೇಡ್ ಸರಿ ಬರಲಿಲ್ಲ ಅಂತ ಎರಡನೇ ಸಲ ತೊಳೆದ ಪ್ರತಿ ಬ್ಯಾಚೂ ಎರಡು ಪಟ್ಟು ಕೊಳಕು ನೀರು ಕೊಡುತ್ತದೆ ಅನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲ ಸಲಕ್ಕೇ ಸರಿ ಬರುವಂತೆ ಮಾಡುವುದು ಈ ಊರಿನ ಮಟ್ಟಿಗೆ ಅತಿ ಅಗ್ಗದ ಮಾಲಿನ್ಯ ನಿಯಂತ್ರಣ.

ಈಗ ಟೈಲರ್ ವಿಷಯಕ್ಕೆ ಬರೋಣ, ನನಗೆ ಹೆಚ್ಚು ಬೇಸರ ತರಿಸುವುದು ಇದೇ. ಪೀಸ್ ರೇಟ್‌ನಲ್ಲಿ ದುಡಿಯುವವರಿಗೆ ರಿಪೇರಿಗೆ ಕೂಲಿ ಸಿಗುವುದು ಕಷ್ಟ. ವಾಪಸ್ ಬಂದ ಬಂಡಲ್ ಬಿಚ್ಚಿ ಹೊಲಿಯುವ ಹೊತ್ತಿನಲ್ಲಿ ಹೊಸ ಪೀಸ್ ಹೊಲಿಯಲು ಆಗುವುದಿಲ್ಲ, ಹಾಗಾಗಿ ಅವರಿಗೆ ಎರಡು ಕಡೆಯಿಂದ ನಷ್ಟ. ಮನೆಯಲ್ಲಿ ಹೊಲಿಯುವ ಹೆಂಗಸರ ವಿಷಯದಲ್ಲಂತೂ ಯಾವ ತಪ್ಪು ಯಾರದು ಅಂತ ಕೇಳುವವರೇ ಇಲ್ಲ, ಕಂಟ್ರಾಕ್ಟರ್ ಹೇಳಿದ್ದೇ ಲೆಕ್ಕ. ಬಟ್ಟೆಯ ತಪ್ಪಿಗೆ, ಕಟಿಂಗ್ ತಪ್ಪಿಗೆ, ನೀರಿನ ತಪ್ಪಿಗೆ ದಂಡ ಕಟ್ಟುವುದು ಸಾಲಿನಲ್ಲಿ ಎಲ್ಲರಿಗಿಂತ ಕಡಿಮೆ ಕೂಲಿ ಪಡೆಯುವ ಕೈ.

ಅಮೆರಿಕದ ಗುಣಮಟ್ಟ ತಜ್ಞ ಎಡ್ವರ್ಡ್ಸ್ ಡೆಮಿಂಗ್ ತಮ್ಮ ತರಗತಿಗಳಲ್ಲಿ ಇದನ್ನೇ ಒಂದು ಆಟದ ಮೂಲಕ ತೋರಿಸುತ್ತಿದ್ದರು. ಒಂದು ಪೆಟ್ಟಿಗೆಯಲ್ಲಿ 3,200 ಬಿಳಿ ಮಣಿ, 800 ಕೆಂಪು ಮಣಿ. 50 ಕುಳಿ ಇರುವ ಒಂದು ಹಲಗೆಯನ್ನು ಅದರೊಳಗೆ ಅದ್ದಿ ತೆಗೆಯಬೇಕು. ಬಿಳಿ ಬಂದರೆ ಒಳ್ಳೆಯ ಮಾಲು, ಕೆಂಪು ಬಂದರೆ ದೋಷ. ಒಬ್ಬರಿಗೆ 7 ಕೆಂಪು ಬರುತ್ತದೆ, ಇನ್ನೊಬ್ಬರಿಗೆ 13. ಕಡಿಮೆ ಬಂದವರಿಗೆ ಶಹಬ್ಬಾಸ್, ಜಾಸ್ತಿ ಬಂದವರಿಗೆ ಬೈಗುಳ. ಮುಂದಿನ ಸಲ ಹೊಗಳಿಸಿಕೊಂಡವರಿಗೆ ಜಾಸ್ತಿ ಬರಬಹುದು, ಬೈಸಿಕೊಂಡವರಿಗೆ ಕಡಿಮೆ. ಕೆಲಸಗಾರರ ಕೈಯಲ್ಲಿ ಏನೂ ಇಲ್ಲ. ಪೆಟ್ಟಿಗೆಯಲ್ಲಿ ಕೆಂಪು ಮಣಿ ಇರುವವರೆಗೆ ಕೆಂಪು ಬರುತ್ತಲೇ ಇರುತ್ತದೆ, ಅದನ್ನು ತೆಗೆಯುವ ಅಧಿಕಾರ ಇರುವುದು ಮಾಲೀಕರಿಗೆ.

ಹಾಗಾದರೆ ಯಾವಾಗ ಬೈಯಬೇಕು, ಯಾವಾಗ ಸುಮ್ನೆ ಇರಬೇಕು? ಇದಕ್ಕೆ 1924ರಲ್ಲೇ ವಾಲ್ಟರ್ ಶೂಹಾರ್ಟ್ ಎಂಬ ಎಂಜಿನಿಯರ್ ಒಂದು ನಕ್ಷೆ ಬರೆದು ಉತ್ತರ ಕೊಟ್ಟರು. ಕಂಟ್ರೋಲ್ ಚಾರ್ಟ್ ಅನ್ನುವುದು ಅದನ್ನೇ. ಹೆಸರು ಕೇಳಿ ಹೆದರಬೇಡಿ. ನಿಮ್ಮ ಘಟಕದಲ್ಲಿ ದಿನಕ್ಕೆ 100 ಪೀಸ್ ಚೆಕ್ ಮಾಡುತ್ತೀರಿ, ಸರಾಸರಿ 4ರಲ್ಲಿ ದೋಷ ಸಿಗುತ್ತದೆ ಅನ್ನಿ. 0.04ನ್ನು 0.96ರಿಂದ ಗುಣಿಸಿ, 100ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 0.02. ಅದರ ಮೂರು ಪಟ್ಟು 0.06, ಅಂದರೆ ನೂರಕ್ಕೆ 6. ಸರಾಸರಿ 4ಕ್ಕೆ ಈ 6 ಕೂಡಿಸಿದರೆ 10. ಅಂದರೆ ಏನೂ ಹೊಸದಾಗಿ ಕೆಡದಿದ್ದರೂ ಒಂದು ದಿನ 1, ಒಂದು ದಿನ 7, ಅಪರೂಪಕ್ಕೆ 8 ಅಥವಾ 9 ಕೂಡ ಬರಬಹುದು. ಏಳು ಬಂದ ದಿನ ಮಾಲೀಕರು ಎಲ್ಲರನ್ನೂ ನಿಲ್ಲಿಸಿ ಬೈಯುತ್ತಾರೆ, ಮರುದಿನ ಮೂರಕ್ಕೆ ಇಳಿಯುತ್ತದೆ, ಬೈದದ್ದಕ್ಕೇ ಸರಿಯಾಯಿತು ಅಂತ ನಂಬಿಕೆ ಗಟ್ಟಿಯಾಗುತ್ತದೆ. ಬೈಯದಿದ್ದರೂ ಅದು ಇಳಿಯುತ್ತಿತ್ತು. ಹತ್ತು ದಾಟಿದ ದಿನ ಮಾತ್ರ ಬೇರೆ ಲೆಕ್ಕ. ಆ ದಿನ ಏನೋ ವಿಶೇಷವಾದದ್ದು ಆಗಿದೆ. ಹೊಸ ರೋಲು, ಮೊಂಡಾದ ಸೂಜಿ, ಹೊಸ ಹುಡುಗ, ಬದಲಾದ ದಾರ, ಇವುಗಳಲ್ಲಿ ಯಾವುದು ಅಂತ ಅವತ್ತೇ ಹುಡುಕಬೇಕು, ನಾಲ್ಕು ದಿನ ಬಿಟ್ಟರೆ ಸುಳಿವು ಸಿಗುವುದಿಲ್ಲ. ಹತ್ತರೊಳಗೇ ಆಡುತ್ತಿದ್ದು ಆ ಸರಾಸರಿ 4 ನಿಮಗೆ ಜಾಸ್ತಿ ಅನ್ನಿಸಿದರೆ, ಯಾರನ್ನು ಬೈದೂ ಪ್ರಯೋಜನ ಇಲ್ಲ. ಬಟ್ಟೆ ಕೊಳ್ಳುವ ರೀತಿ, ಕಟಿಂಗ್, ಮೆಷಿನ್, ನೀರು, ಈ ಮೂಲದಲ್ಲೇ ಏನಾದರೂ ಬದಲಾಗಬೇಕು.

ಈ ವಿದ್ಯೆ ನಮ್ಮ ದೇಶಕ್ಕೆ ತಡವಾಗಿ ಬಂತು ಅಂತಲೂ ಹೇಳುವ ಹಾಗಿಲ್ಲ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಕರೆಯ ಮೇಲೆ ಶೂಹಾರ್ಟ್ 1947-48ರಲ್ಲೇ ಭಾರತಕ್ಕೆ ಬಂದಿದ್ದರು. ಡೆಮಿಂಗ್ ಜಪಾನಿನಲ್ಲಿ ಹೆಸರಾಂತ ಉಪನ್ಯಾಸಗಳನ್ನು ಕೊಟ್ಟಿದ್ದು 1950ರಲ್ಲಿ. ಸಂಖ್ಯಾಶಾಸ್ತ್ರ ಸಂಸ್ಥೆಯ ಗುಣಮಟ್ಟ ನಿಯಂತ್ರಣ ಘಟಕ ಬೆಂಗಳೂರಿನಲ್ಲೂ ಇದೆ. ವಿದ್ಯೆ ಬೆಂಗಳೂರಿನವರೆಗೆ ಬಂತು, ದೊಡ್ಡ ಕಾರ್ಖಾನೆಗಳಿಗೆ ಹೋಯಿತು, ಬಳ್ಳಾರಿಯ ಹೊಲಿಗೆ ಗಲ್ಲಿಗೆ ಯಾರೂ ತರಲಿಲ್ಲ.

ಟೊಯೋಟಾ ಹೆಸರು ಎಲ್ಲರೂ ಕೇಳಿರುತ್ತಾರೆ, ಬಿಡದಿಯಲ್ಲಿ ಕಾರ್ಖಾನೆಯೇ ಇದೆ. ಆ ಮನೆತನದ ಮೂಲ ಕಾರು ಅಲ್ಲ, ಮಗ್ಗ. ಸಕಿಚಿ ಟೊಯೋಡ ಮಾಡಿದ ಸ್ವಯಂಚಾಲಿತ ಮಗ್ಗ ದಾರ ಹರಿದ ತಕ್ಷಣ ತಾನೇ ನಿಲ್ಲುತ್ತಿತ್ತು. ಹರಿದ ದಾರದಲ್ಲೇ ಮುಂದೆ ನೇಯ್ದು ಗಜಗಟ್ಟಲೆ ಬಟ್ಟೆ ಕೆಡಿಸುವುದು ತಪ್ಪಿತು. ತಪ್ಪು ಕಂಡ ಕೂಡಲೇ ಲೈನ್ ನಿಲ್ಲಿಸುವ ಹಕ್ಕು ಕೆಲಸಗಾರರಿಗೆ ಕೊಡುವ ಟೊಯೋಟಾ ಪದ್ಧತಿ ಬೆಳೆದದ್ದು ಈ ಬೇರಿನಿಂದ. ಬಟ್ಟೆಯ ಕೆಲಸದಲ್ಲಿ ಹುಟ್ಟಿದ ವಿಚಾರ ಕಾರಿಗೆ ಹೋಗಿ ಜಗತ್ತಿಗೆಲ್ಲ ಗೊತ್ತಾಯಿತು. ನಮ್ಮಲ್ಲಿ ಮಾತ್ರ ಟೈಲರ್ ಶೇಡ್ ಬೇರೆ ಇದೆಯಲ್ಲಾ ಅಣ್ಣಾ ಅಂತ ಬಂಡಲ್ ಎತ್ತಿ ತೋರಿಸಿದರೆ, ನಿನಗ್ಯಾಕೆ, ಹೊಲಿ ಅನ್ನುವ ಉತ್ತರ ಬರುತ್ತದೆ. ಅವರು ಆಗ ಹೇಳಿದ್ದನ್ನೇ ಎರಡು ವಾರ ಬಿಟ್ಟು ಗಿರಾಕಿ ಫೋನ್ ಮಾಡಿ ಹೇಳುತ್ತಾನೆ.

ಕೆಟ್ಟ ಮೇಲೆ ಸರಿಮಾಡುವುದರಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದ ಕೆಲಸಗಾರರನ್ನು ಎಷ್ಟು ಹೊಗಳಿದರೂ ಸಾಲದು. ಆ ಒಂದು ವಾರದಲ್ಲಿ ಹೋದ ನೀರು ಮಾತ್ರ ಹೋಯಿತು. ಚೈನಿನ ಸವೆತ ಮೊದಲೇ ಅಳೆದು ಬದಲಿಸುವ ಕೆಲಸಕ್ಕೆ ಯಾರೂ ಹಾರ ಹಾಕುವುದಿಲ್ಲ, ಆದರೆ ಕೊಪ್ಪಳ, ರಾಯಚೂರು, ಬಳ್ಳಾರಿಯ ಗದ್ದೆಗಳಿಗೆ ನೀರು ಉಳಿಸುವುದು ಆ ಕೆಲಸ.

ರಫ್ತು ಮಾಡುವ, ದೊಡ್ಡ ಬ್ರ್ಯಾಂಡಿಗೆ ಹೊಲಿಯುವ ಆಸೆ ಇರುವವರು ಎಕ್ಯೂಎಲ್ ಅನ್ನುವ ಪದ ಕೇಳಿಯೇ ಇರುತ್ತೀರಿ, ಒಂದು ಲಾಟಿನಲ್ಲಿ ಎಷ್ಟು ದೋಷದವರೆಗೆ ಒಪ್ಪಬಹುದು ಅನ್ನುವ ಮಿತಿ ಅದು. 1,000 ಪೀಸಿನ ಲಾಟ್ ಬಂದರೆ ಖರೀದಿದಾರರ ಕಡೆಯವರು ಸಾಮಾನ್ಯವಾಗಿ 80 ಪೀಸ್ ತೆಗೆದು ನೋಡುತ್ತಾರೆ. ಎಕ್ಯೂಎಲ್ 2.5 ಅಂತಿದ್ದರೆ 5 ದೋಷದವರೆಗೆ ಪಾಸ್, 6 ಆದರೆ ಪೂರ್ತಿ ಲಾಟ್ ವಾಪಸ್. ಇದು ಕೊಳ್ಳುವವರು ತಮ್ಮನ್ನು ಕಾಪಾಡಿಕೊಳ್ಳುವ ಜರಡಿ ಅಷ್ಟೇ. ಪಾಸ್ ಆಯಿತು ಅಂದರೆ ಒಳಗೆ ದೋಷ ಇಲ್ಲ ಅಂತ ಅರ್ಥ ಅಲ್ಲ. ಅದಕ್ಕಾಗಿ ಕೊನೆಗೆ ಚೆಕಿಂಗ್ ಹುಡುಗರನ್ನು ಜಾಸ್ತಿ ಹಾಕಿ ಲಾಟ್ ಪಾಸ್ ಮಾಡಿಸುವುದರಿಂದ ಖರ್ಚು ಏರುತ್ತದೆ, ಮಾಲು ಒಳ್ಳೆಯದಾಗುವುದಿಲ್ಲ.

ಸರ್ಟಿಫಿಕೇಟ್ ವಿಷಯವೂ ಹಾಗೇ. ಐಎಸ್‌ಒ 9001 ಗೋಡೆ ಮೇಲೆ ಇದ್ದರೆ ಘಟಕದಲ್ಲಿ ಒಂದು ಬರೆದಿಟ್ಟ ಪದ್ಧತಿ ಇದೆ ಅಂತ ಗೊತ್ತಾಗುತ್ತದೆ, ಅದು ಪ್ಯಾಂಟಿಗೆ ಕೊಟ್ಟ ಪ್ರಮಾಣಪತ್ರ ಅಲ್ಲ. ಸಿಕ್ಸ್ ಸಿಗ್ಮಾ, ಹತ್ತು ಲಕ್ಷಕ್ಕೆ 3.4 ದೋಷ, ಮೊಟೊರೋಲಾದಲ್ಲಿ ಹುಟ್ಟಿದ ಈ ಪದ್ಧತಿಗಳು ನಮ್ಮ ಮಟ್ಟಿಗೆ ಸದ್ಯಕ್ಕೆ ಬೇಡ. ಸಣ್ಣ ಕೈಗಾರಿಕೆಗಳು ದೋಷ, ಮಾಲಿನ್ಯ ಎರಡನ್ನೂ ಸೊನ್ನೆಗೆ ಇಳಿಸಲಿ ಅನ್ನುವ ಕೇಂದ್ರದ ಜೆಡ್ ಯೋಜನೆ ಮಾತ್ರ ನೋಡುವಂಥದ್ದು. 2022ರಲ್ಲಿ ಹೊಸ ರೂಪದಲ್ಲಿ ಬಂದ ಈ ಯೋಜನೆಯಲ್ಲಿ ಕಂಚು, ಬೆಳ್ಳಿ, ಚಿನ್ನ ಅಂತ ಮೂರು ಹಂತ ಇವೆ. ಸರ್ಟಿಫಿಕೇಟ್ ಖರ್ಚಿನಲ್ಲಿ ಅತಿಸಣ್ಣ ಘಟಕಕ್ಕೆ ಶೇಕಡಾ 80, ಸಣ್ಣದಕ್ಕೆ 60, ಮಧ್ಯಮಕ್ಕೆ 50 ಸರ್ಕಾರವೇ ಕೊಡುತ್ತದೆ. ದೋಷ ಮತ್ತು ಮಾಲಿನ್ಯ ಎರಡನ್ನೂ ಒಟ್ಟಿಗೆ ನೋಡುವುದರಿಂದ ವಾಷಿಂಗ್ ಊರಿಗೆ ಇದು ಸರಿಯಾಗಿ ಹೊಂದುತ್ತದೆ. ಕೆಲಸದಲ್ಲಿ ಪೋಲಾಗುವುದನ್ನು ತಗ್ಗಿಸಲು 2023ರಲ್ಲಿ ಶುರುವಾದ ಲೀನ್ ಯೋಜನೆಯಲ್ಲಿ ಸಲಹೆಗಾರರ ಖರ್ಚಿನ ಶೇಕಡಾ 90 ಕೇಂದ್ರದ್ದು. ತೊಡಕು ಏನೆಂದರೆ ಇವೆಲ್ಲ ನೋಂದಣಿ ಆದ ಘಟಕಗಳಿಗೆ. ಮನೆಯಲ್ಲಿ ಎರಡು ಮೆಷಿನ್ ಇಟ್ಟು ಹೊಲಿಯುವವರು ಇದರೊಳಗೆ ಬರುವ ದಾರಿ ಇನ್ನೂ ಕಾಣುತ್ತಿಲ್ಲ, ಬಳ್ಳಾರಿ ಜೀನ್ಸ್ ಅಂದರೆ ಅವರೂ ಅಲ್ವಾ?

ಹಾಗಾಗಿ ಪಾರ್ಕಿನ ನಕ್ಷೆ ಬರೆಯುವವರು ಶೆಡ್ಡು, ರಸ್ತೆಗಳ ಜೊತೆಗೆ ಇನ್ನೂ ಮೂರನ್ನು ಸೇರಿಸಲೇಬೇಕು. ಯಾರು ಬೇಕಾದರೂ ರೋಲಿನ ತುಂಡು ತಂದು ಕುಗ್ಗುವಿಕೆ, ಬಣ್ಣ, ಗಟ್ಟಿತನ ಅಳೆಸಿಕೊಳ್ಳುವ ಒಂದು ಸಾಮೂಹಿಕ ಲ್ಯಾಬ್ ಬೇಕು, ದರ ಸಣ್ಣವರ ಕೈಗೆಟಕುವಂತಿರಬೇಕು. ವಾಷಿಂಗ್‌ಗೆ ಪ್ರತಿದಿನ ಒಂದೇ ಗುಣದ ನೀರು ಬೇಕು, ಸಂಸ್ಕರಿಸಿ ಮತ್ತೆ ಬಳಸುವ ನೀರಾದರೂ ಸರಿ, ಗುಣ ಬದಲಾಗಬಾರದು. ಐಟಿಐ, ಪಾಲಿಟೆಕ್ನಿಕ್ ಹುಡುಗ ಹುಡುಗಿಯರಿಗೆ ಈ ಅಳೆಯುವ, ಬರೆಯುವ, ನಕ್ಷೆ ಹಾಕುವ ಕೆಲಸವನ್ನು ಕನ್ನಡದಲ್ಲೇ ಕಲಿಸಬೇಕು. ಎರಡು ಮೂರು ಘಟಕಕ್ಕೆ ಅಂಥ ಒಬ್ಬರು ಇದ್ದರೂ ಸಂಬಳ ರಿಪೇರಿ ಉಳಿತಾಯದಲ್ಲೇ ಹುಟ್ಟುತ್ತದೆ.

ಮಾಲೀಕರು ಇದಕ್ಕೆಲ್ಲ ಕಾಯಬೇಕಾಗಿಲ್ಲ. ಚೆಕಿಂಗ್ ಟೇಬಲ್ ಹತ್ತಿರ ಒಂದು ನೋಟ್‌ಬುಕ್ ಇಡಿ. ತಾರೀಖು, ರೋಲ್ ನಂಬರ್, ಬಂಡಲ್ ನಂಬರ್, ವಾಷ್ ಬ್ಯಾಚ್, ಯಾವ ದೋಷ, ಇಷ್ಟೇ ಕಾಲಂ. ಟೈಲರ್ ಹೆಸರು ಬೇಡ, ಹೆಸರು ಬರೆದ ದಿನದಿಂದ ಎಲ್ಲರೂ ದೋಷ ಮುಚ್ಚಿಡಲು ಶುರು ಮಾಡುತ್ತಾರೆ. ತಿಂಗಳ ಕೊನೆಗೆ ಯಾವ ದೋಷ ಎಷ್ಟು ಸಲ ಅಂತ ಎಣಿಸಿ, ಅತಿ ಜಾಸ್ತಿ ಬಂದ ಒಂದನ್ನು ಮಾತ್ರ ಹಿಡಿದು ಅದರ ಬೇರಿಗೆ ಹೋಗಿ. ಮತ್ತು ಬಟ್ಟೆ, ಕಟಿಂಗ್, ವಾಷಿಂಗ್‌ನಿಂದ ಬಂದ ದೋಷ ಅಂತ ಆ ಪುಸ್ತಕದಲ್ಲಿ ಕಂಡ ಪ್ರತಿ ಪೀಸಿನ ರಿಪೇರಿಗೆ ಹೊಲಿದವರಿಗೆ ಹೊಸ ಪೀಸಿನ ರೇಟಿನಲ್ಲೇ ಕೂಲಿ ಕೊಡಿ.